ಸಿವಂಗಿ ಓಡಿದ ಬಯಲು

ಆಫ್ರಿಕ ಖಂಡದ ಕಾಡುಮೃಗಗಳನ್ನು ಕಾಣಲು ಹೋಗುವ ಪ್ರವಾಸಕ್ಕೆ 'ಸಫಾರಿ' ಎಂದು ಹೆಸರು. ಕೀನ್ಯ, ಟಾಂಜಾನಿಯ, ದಕ್ಷಿಣ ಆಫ್ರಿಕ ಮುಂತಾದ ದೇಶಗಳ ಹುಲ್ಲುಗಾವಲುಗಳಲ್ಲಿ ಸಿಂಹ, ಆನೆ, ಜಿರಾಫೆ, ಪಟ್ಟೆಗುದುರೆಗಳ ಹಿಂಡುಗಳನ್ನು ಮೋಟಾರು ಗಾಡಿಯಲ್ಲಿ ಕುಳಿತು ನೋಡಿ ಬಂದವರ ಅನುಭವವನ್ನು ತಾವು ಕೇಳಿರಬಹುದು. ಚಿತ್ರಗಳಲ್ಲಂತೂ ಕಂಡೇ ಇರುತ್ತೀರಿ. ಆಗ 'ಎಲ್ಲಿಯ ಆಫ್ರಿಕ, ಎಲ್ಲಿಯ ಯಾದಗಿರಿ!' ಎನಿಸುವುದು ಸಹಜ. ಆದರೆ ಇತಿಹಾಸದ ಪುಟಗಳನ್ನು ತಿರುವಿದರೆ ಆ ಮಾತು ನಮಗೆ ಹೊಸದಲ್ಲ; ಆ ಮೃಗಗಳಲ್ಲಿ ಒಂದಂತೂ ನಮ್ಮ ನಾಡಿಗೆ ಪರಕೀಯವಲ್ಲ. ಯಾದಗಿರಿ, ಶಹಾಪುರ, ಸುರಪುರಗಳ ಕರಿಮಣ್ಣಿನ ಬಯಲನ್ನು ಕಣ್ಣಮುಂದೆ ಇಟ್ಟುಕೊಂಡು ಆ ಕಥೆಯನ್ನು ಸ್ವಲ್ಪ ಪರಿಶೀಲಿಸೋಣ.

ಮೊದಲು ಮಾತನ್ನೇ ತೆಗೆದುಕೊಳ್ಳಿ. 'ಸಫರ್' ಎಂದರೆ ಅರಬ್ಬಿ ಭಾಷೆಯಲ್ಲಿ ಪ್ರಯಾಣ. ಅರಬ್ಬಿ ವರ್ತಕರೊಡನೆ ಅದು ಆಫ್ರಿಕದ ಪೂರ್ವತೀರಕ್ಕೆ ಹೋಯಿತು. ಅಲ್ಲಿಯ ಸ್ವಾಹಿಲಿ ಭಾಷೆಯಲ್ಲಿ 'ಸಫಾರಿ' ಆಯಿತು. ಹೊರೆಯಾಳುಗಳ ಸಾಲು ಕಟ್ಟಿಕೊಂಡು ತಿಂಗಳುಗಟ್ಟಲೆ ಒಳನಾಡಿಗೆ ನಡೆಯುವ ಪಯಣಕ್ಕೆ ಅಲ್ಲಿ ಆ ಹೆಸರು. ಅದೇ ಮಾತು ಇನ್ನೊಂದು ದಾರಿ ಹಿಡಿದು, ಪಾರಸಿಯ ಕೈಯಿಂದ ದಖ್ಖಣಕ್ಕೆ ಬಂದಿತು. ಬಹಮನಿ, ಆದಿಲಶಾಹಿ, ನಿಜಾಮರ ಆಳಿಕೆಯನ್ನು ಕಂಡ ನಮ್ಮ ಸೀಮೆಯ ಉರ್ದುವಿನಲ್ಲಿ ಪ್ರಯಾಣಕ್ಕೆ ಇಂದಿಗೂ 'ಸಫರ್' ಎಂದೇ ಅನ್ನುತ್ತಾರೆ. ಹೀಗೆ ನಮ್ಮ ಸಫರೂ ಆಫ್ರಿಕದ ಸಫಾರಿಯೂ ಒಂದೇ ತಾಯಿಯ ಮಕ್ಕಳು.

ಮಾತು ಮಾತ್ರವಲ್ಲ, ಜನರೂ ಬಂದರು. ಹಬ್ಶಿಗಳು, ಸಿದ್ದಿಗಳು ಎಂದು ಕರೆಯಿಸಿಕೊಂಡ ಆಫ್ರಿಕದ ಜನ ಬಿಜಾಪುರದ ಸೈನ್ಯದಲ್ಲಿಯೂ ದರ್ಬಾರಿನಲ್ಲಿಯೂ ಮೇಲೇರಿದರು. ಮಹಮ್ಮದ್ ಆದಿಲಶಾಹನ ಕಾಲದ ಇಖ್ಲಾಸ್ ಖಾನ್ ಅಂಥವನೊಬ್ಬ. ವಿಜಯಪುರದಲ್ಲಿಯೂ ಸವಣೂರಿನಲ್ಲಿಯೂ ಪ್ರಸಿದ್ಧವಾದ ಭಾರಿ ಬೊಡ್ಡೆಯ ದೊಡ್ಡಹುಣಿಸೆ ಮರಗಳ ತವರು ಆಫ್ರಿಕ. ಕಡಲಿನ ಎರಡು ದಡಗಳ ನಡುವೆ ಹೋಗುಬರುವಿಕೆ ಎಷ್ಟು ಹಳೆಯದೆಂಬುದಕ್ಕೆ ಇವು ಸಾಕ್ಷಿ.

ಇನ್ನು ಬೇಟೆಯ ಮಾತು. 'ಶಿಕಾರಿ' ಪಾರಸಿಯಿಂದ ಬಂದದ್ದು; 'ಬೇಟೆ' ನಮ್ಮದೇ. ಹಳಗನ್ನಡದಲ್ಲಿ 'ಬೇಂಟೆ' ಎಂದರೆ ಮೃಗಯೆ, 'ಬೇಟ' ಎಂದರೆ ಪ್ರೇಮ. ಇವೆರಡನ್ನೂ ಒಂದರ ಪಕ್ಕದಲ್ಲಿ ಒಂದಿಟ್ಟು ವಿನೋದ ಮಾಡುವುದಕ್ಕೆ ಕವಿಗಳಿಗೆ ಅವಕಾಶ ದೊರೆಯಿತು. ಪಂಪನ ವಿಕ್ರಮಾರ್ಜುನ ವಿಜಯದಲ್ಲಿ ಬೇಟೆಯ ವರ್ಣನೆ ಉಂಟು. ರಾಘವಾಂಕನ ಹರಿಶ್ಚಂದ್ರ ಕಾವ್ಯದಲ್ಲಿ ಅದು ಇನ್ನೂ ವಿಸ್ತಾರವಾಗಿದೆ. ಆ ವರ್ಣನೆಗಳು ಬರಿಯ ಅಲಂಕಾರವಲ್ಲ. ಬಲೆ, ಕುಣಿಕೆ, ನಾಯಿ, ಗಾಳಿಯ ದಿಕ್ಕು, ಮೃಗದ ಹೆಜ್ಜೆ ಇವುಗಳನ್ನು ಬಲ್ಲ ಜನರು ಊರೂರಿನಲ್ಲಿ ಇದ್ದುದರಿಂದಲೇ ಕವಿಗೆ ಆ ಮಾತುಗಳು ದೊರೆತವು. ಮಂಡ್ಯದ ಕಡೆಯ ಆತಕೂರಿನ ಹತ್ತನೆಯ ಶತಮಾನದ ಶಾಸನವಂತೂ ಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ಬೇಟೆನಾಯಿಯ ಸ್ಮಾರಕವೂ ಆಗಿದೆ.

ಬೇಟೆಯನ್ನು ಕುರಿತು ನಮ್ಮ ನಾಡಿಗೆ ಎರಡು ಮನಸ್ಸು ಬಹಳ ಹಿಂದಿನಿಂದಲೂ ಇತ್ತು. ನೀತಿಶಾಸ್ತ್ರಕಾರರು ಮೃಗಯೆಯನ್ನು ಅರಸರ ವ್ಯಸನಗಳಲ್ಲಿ ಎಣಿಸಿದರು. ಅಶೋಕನು ತನ್ನ ಎಂಟನೆಯ ಬಂಡೆಶಾಸನದಲ್ಲಿ, ಹಿಂದಿನ ಅರಸರು ಬೇಟೆಯೇ ಮೊದಲಾದ ವಿನೋದಗಳಿಗಾಗಿ ವಿಹಾರಯಾತ್ರೆ ಹೋಗುತ್ತಿದ್ದರೆಂದೂ ತಾನು ಅದರ ಬದಲಿಗೆ ಧರ್ಮಯಾತ್ರೆಯನ್ನು ಕೈಕೊಂಡೆನೆಂದೂ ತಿಳಿಸಿದ್ದಾನೆ. ಆ ಚಕ್ರವರ್ತಿಯ ಬೇರೆ ಶಾಸನಗಳು ನಮ್ಮ ನೆರೆಯ ಭೀಮಾತೀರದ ಸನ್ನತಿಯಲ್ಲಿ, ಚಂದ್ರಲಾಂಬೆಯ ಕ್ಷೇತ್ರದಲ್ಲಿಯೇ ದೊರೆತಿವೆ. ಕೊಲ್ಲುವ ಯಾತ್ರೆ ಕಾಣುವ ಯಾತ್ರೆಯಾಗುವುದು ಹೊಸ ಕಾಲದ ಕಲ್ಪನೆಯೆಂದು ತಿಳಿಯಬೇಕಾಗಿಲ್ಲ; ಎರಡು ಸಾವಿರ ವರ್ಷಗಳ ಹಿಂದೆಯೇ ಅದನ್ನು ಕಲ್ಲಿನಲ್ಲಿ ಕಡೆದು ಹೇಳಿದವರುಂಟು.

ಇನ್ನೊಂದು ಮನಸ್ಸು ಅರಮನೆಯದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ಹೆಸರು ತಾವು ಕೇಳಿದ್ದೀರಿ. ಸುಮಾರು ೧೧೩೦ರಲ್ಲಿ ಆತನು ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸವು ರಾಜನೀತಿಯಿಂದ ಹಿಡಿದು ಅಡಿಗೆಯವರೆಗೆ ನೂರು ವಿಷಯಗಳ ಭಂಡಾರ. ಅದರ ವಿನೋದಗಳ ಭಾಗದಲ್ಲಿ ಮೃಗಯಾ ವಿನೋದವೂ ಇದೆ. ಪಳಗಿಸಿದ ಚೀತಾದಿಂದ ಜಿಂಕೆಯನ್ನು ಹಿಡಿಸುವ ಬೇಟೆಯ ವಿಚಾರ ಭಾರತದಲ್ಲಿ ಮೊಟ್ಟಮೊದಲು ಬರೆಹಕ್ಕೆ ಇಳಿದದ್ದು ಈ ಗ್ರಂಥದಲ್ಲಿ ಎಂದು ವಿದ್ವಾಂಸರು ಹೇಳುತ್ತಾರೆ. ಸಗರನಾಡು ಎಂದು ಹೆಸರಾದ ನಮ್ಮ ಶಹಾಪುರ, ಸುರಪುರಗಳ ಸೀಮೆಯು ಆಗ ಆ ಚಾಲುಕ್ಯ ರಾಜ್ಯದ ಒಡಲಿನಲ್ಲಿಯೇ ಇತ್ತು. ಸುರಪುರದ ಕಡೆಯ ಏವೂರಿನ ಶಾಸನವೇ ಚಾಲುಕ್ಯರ ವಂಶಾವಳಿಯನ್ನು ತಿಳಿಸುವ ಮುಖ್ಯ ಆಧಾರಗಳಲ್ಲೊಂದು.

ಇಲ್ಲಿ ಹೆಸರಿನ ಗೊಂದಲವೊಂದನ್ನು ಬಿಡಿಸಬೇಕು. ಚೀತಾ ಬೇರೆ, ಚಿರತೆ ಬೇರೆ. ಚಿರತೆಯ ಮೈಮೇಲಿನ ಮಚ್ಚೆ ಹೂವಿನಂತೆ ನಡುವೆ ಬಿಡುವಾಗಿರುತ್ತದೆ. ಚೀತಾದ್ದು ತುಂಬಿದ ಕರಿಯ ಬೊಟ್ಟು. ಚೀತಾದ ಕಣ್ಣಿನಿಂದ ಬಾಯಿಯವರೆಗೆ ಕಣ್ಣೀರು ಇಳಿದಂತೆ ಕಪ್ಪು ಗೆರೆ ಇರುತ್ತದೆ. ಚಿರತೆ ಕಾಡುಕಲ್ಲುಗಳಲ್ಲಿ ಅಡಗಿ ಹಾರುವ ಮೃಗ; ಚೀತಾ ಬಯಲಿನಲ್ಲಿ ಓಡಿ ಹಿಡಿಯುವ ಮೃಗ. ಗಂಟೆಗೆ ನೂರು ಕಿಲೋಮೀಟರಿಗೂ ಮಿಕ್ಕ ವೇಗ, ಆದರೆ ಕೆಲವು ನೂರು ಗಜ ಮಾತ್ರ. ಅಷ್ಟರಲ್ಲಿ ಸಿಕ್ಕಿದರೆ ಸಿಕ್ಕಿತು, ಇಲ್ಲವಾದರೆ ಕುಳಿತುಬಿಡುತ್ತದೆ. 'ಚೀತಾ' ಎಂಬುದು ಸಂಸ್ಕೃತದ 'ಚಿತ್ರಕ' ಶಬ್ದದಿಂದ ಬಂದದ್ದು. ಚುಕ್ಕೆಯುಳ್ಳದ್ದು ಎಂದು ಅರ್ಥ. ಇಂಗ್ಲಿಷರು ನಮ್ಮಿಂದಲೇ ಆ ಹೆಸರನ್ನು ಕೊಂಡೊಯ್ದರು. ಕನ್ನಡದಲ್ಲಿ ಇದಕ್ಕೆ ತನ್ನದೇ ಹೆಸರುಂಟು: ಸಿವಂಗಿ.

ಈ ಹೆಸರಿಗೆ ಒಳ್ಳೆಯ ಆಧಾರವಿದೆ. ಧಾರವಾಡದ ಕಡೆ ಅಧಿಕಾರಿಯಾಗಿದ್ದು, ಕನ್ನಡ ಶಾಸನಗಳನ್ನು ನೂರಾರು ಸಂಖ್ಯೆಯಲ್ಲಿ ಪ್ರತಿ ಮಾಡಿಸಿದ ವಾಲ್ಟರ್ ಎಲಿಯಟ್ ೧೮೩೯ರಲ್ಲಿ ಆ ಸೀಮೆಯ ಪ್ರಾಣಿಗಳ ಪಟ್ಟಿಯೊಂದನ್ನು ಪ್ರಕಟಿಸಿದನು. ಜನರ ಬಾಯಲ್ಲಿದ್ದ ಕನ್ನಡ ಹೆಸರುಗಳನ್ನೂ ಅದರಲ್ಲಿ ದಾಖಲು ಮಾಡಿದನು. ೧೮೬೭ರಲ್ಲಿ ಜೆರ್ಡನ್ ಎಂಬ ವೈದ್ಯನು ಭಾರತದ ಸಸ್ತನಿಗಳನ್ನು ಕುರಿತು ಬರೆದ ಗ್ರಂಥದಲ್ಲಿ ಚೀತಾಕ್ಕೆ 'ಸಿವಂಗಿ' ಎಂಬ ಕನ್ನಡ ಹೆಸರೂ, ಕೃಷ್ಣಮೃಗಕ್ಕೆ 'ಚಿಗರಿ' ಎಂಬ ಹೆಸರೂ ಕಾಣುತ್ತವೆ. ಜನರು ಕಣ್ಣಿನಿಂದ ಕಂಡ ಪ್ರಾಣಿಗೇ ಇಂಥ ಹೆಸರು ಹುಟ್ಟುತ್ತದೆ. ಹುಲ್ಲು, ಕುರುಚಲು, ದೂರದೂರಕ್ಕೆ ಒಂದೊಂದು ಕಲ್ಲುಗುಡ್ಡ, ನಡುವೆ ಚಿಗರಿಯ ಹಿಂಡು, ಇದೇ ದಖ್ಖಣದ ಬಯಲು. ಇದೇ ಸಿವಂಗಿಗೆ ಹೇಳಿಮಾಡಿಸಿದ ನೆಲ.

ಸಿವಂಗಿಯ ಬೇಟೆ ನಡೆಯುತ್ತಿದ್ದ ಕ್ರಮ ಕೇಳುವಂಥದು. ಅದರ ಕಣ್ಣಿಗೆ ಪಟ್ಟಿ ಕಟ್ಟಿ ಎತ್ತಿನ ಬಂಡಿಯ ಮೇಲೆ ಕೂರಿಸುತ್ತಿದ್ದರು. ಹೊಲದ ಬಂಡಿಗೆ ಚಿಗರಿಗಳು ಬೆದರುವುದಿಲ್ಲ. ಬಂಡಿ ಸುತ್ತಿ ಸುತ್ತಿ ಹಿಂಡಿನ ಹತ್ತಿರ ಬಂದಾಗ ಕಣ್ಣುಪಟ್ಟಿ ಬಿಚ್ಚುತ್ತಿದ್ದರು. ಸಿವಂಗಿ ಇಳಿದು, ನೆಲಕ್ಕೆ ಅಂಟಿಕೊಂಡು ಸಾಗಿ, ಬಾಣದಂತೆ ಹೊರಟು ಒಂದು ಗಂಡು ಚಿಗರಿಯನ್ನು ಕೆಡವಿ ಕುತ್ತಿಗೆ ಹಿಡಿಯುತ್ತಿತ್ತು. ಪಾಲಕನು ಓಡಿಬಂದು, ಮರದ ಸೌಟಿನಲ್ಲಿ ರಕ್ತವನ್ನು ಹಿಡಿದು ಅದಕ್ಕೆ ಕುಡಿಸಿ, ಮತ್ತೆ ಕಣ್ಣು ಕಟ್ಟುತ್ತಿದ್ದನು. ಟಿಪ್ಪುಸುಲ್ತಾನನ ಬಳಿ ಇಂಥ ಚೀತಾಗಳಿದ್ದವು. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವು ಇಂಗ್ಲಿಷರ ವಶವಾದವು. ೧೮೯೩ರಲ್ಲಿ ಹೈದರಾಬಾದಿಗೆ ಬಂದ ಆಸ್ಟ್ರಿಯದ ರಾಜಕುಮಾರ ಫ್ರಾನ್ಸ್ ಫರ್ಡಿನೆಂಡನಿಗೆ ನಿಜಾಮರ ಕಡೆಯಿಂದ ಈ ಬೇಟೆಯ ಆತಿಥ್ಯ ನಡೆಯಿತು. ಮುಂದೆ ೧೯೧೪ರಲ್ಲಿ ಯಾರ ಕೊಲೆಯಿಂದ ಮಹಾಯುದ್ಧ ಹೊತ್ತಿಕೊಂಡಿತೋ ಆತನೇ ಇವನು. ಸುರಪುರವಾಗಲಿ ಯಾದಗಿರಿಯಾಗಲಿ ಆಗ ನಿಜಾಮರ ರಾಜ್ಯಕ್ಕೆ ಸೇರಿದ್ದುವು.

ಈ ವಿನೋದದ ಒಳಗೇ ಸಿವಂಗಿಯ ಅಳಿವಿನ ಕಾರಣ ಅಡಗಿತ್ತು. ಈ ಮೃಗ ಸೆರೆಯಲ್ಲಿ ಮರಿ ಹಾಕುವುದು ಬಹು ಅಪರೂಪ. ಅಕ್ಬರನು ಸಾವಿರ ಚೀತಾಗಳನ್ನು ಕೂಡಿಸಿದ್ದರೂ ಅವು ಸಂತಾನ ಬೆಳೆಸಲಿಲ್ಲವೆಂದು ಆತನ ಮಗ ಜಹಾಂಗೀರನೇ ಬರೆದಿದ್ದಾನೆ. ತನ್ನ ಕಾಲದಲ್ಲಿ, ೧೬೧೩ರಲ್ಲಿ, ಒಂದು ಹೆಣ್ಣು ಮರಿ ಹಾಕಿದ್ದನ್ನು ಅದ್ಭುತವೆಂಬಂತೆ ದಾಖಲಿಸಿದ್ದಾನೆ. ಎಳೆಯ ಮರಿಯನ್ನು ತಂದು ಸಾಕಿದರೂ ಅದಕ್ಕೆ ಬೇಟೆ ಬರುವುದಿಲ್ಲ, ತಾಯಿಯೇ ಕಲಿಸಬೇಕು. ಆದ್ದರಿಂದ ಬೆಳೆದ ಮೃಗಗಳನ್ನೇ ಬಯಲಿನಿಂದ ಹಿಡಿದು ತರಬೇಕಾಯಿತು. ಒಂದು ಸತ್ತರೆ ಇನ್ನೊಂದು. ಎಂಟುನೂರು ವರ್ಷ ಅರಮನೆಗಳು ಬಯಲಿನಿಂದ ತೆಗೆದವು. ಬಯಲಿಗೆ ತಿರುಗಿ ಕೊಟ್ಟದ್ದು ಒಂದೂ ಇಲ್ಲ. ಅದರ ಮೇಲೆ ಬಂದೂಕು ಬಂದಿತು, ಹುಲ್ಲು ಹೊಲವಾಯಿತು.

ಇಷ್ಟು ಹೇಳಿದ ಮೇಲೆ ನಮ್ಮ ಬೇಡರ ವಿಷಯದಲ್ಲಿ ನ್ಯಾಯವಾದ ಮಾತನ್ನು ಆಡಬೇಕು. ಬೇಟೆಯಿಂದಲೇ ಹೆಸರು ಪಡೆದ ಈ ಜನ ಬಯಲನ್ನು ಬರಿದು ಮಾಡಿದವರಲ್ಲ. ಗುರಿ, ತಾಳ್ಮೆ, ಗುಡ್ಡದ ಕಾಲುದಾರಿಯ ಅರಿವು ಇವೇ ಅವರ ವಿದ್ಯೆ. ಆ ವಿದ್ಯೆ ಯುದ್ಧಕ್ಕೂ ಒದಗಿತು. ೧೭೦೫ರಲ್ಲಿ ಮುಪ್ಪಿನ ಔರಂಗಜೇಬನು ತಾನೇ ದಂಡೆತ್ತಿ ಬಂದು ಸುರಪುರದ ಸಮೀಪದ ವಾಗಣಗೇರಿಯನ್ನು ಮುತ್ತಿದಾಗ, ಪಿಡ್ಡ ನಾಯಕನ ಬೇಡರ ಪಡೆ ವಾರಗಟ್ಟಲೆ ಅವನನ್ನು ತಡೆದು ನಿಲ್ಲಿಸಿತು. ಆ ಚಕ್ರವರ್ತಿ ತಾನೇ ಮುಂದೆ ನಿಂತು ನಡೆಸಿದ ಮುತ್ತಿಗೆಗಳಲ್ಲಿ ಅದೇ ಕಡೆಯದು. ಕೋಟೆ ಹೋಯಿತು, ನಾಯಕನು ಸಿಕ್ಕಲಿಲ್ಲ. ಸುರಪುರದ ಸಂಸ್ಥಾನ ಮತ್ತೆ ಒಂದೂವರೆ ಶತಮಾನ ಬಾಳಿತು.

೧೮೪೧ರಿಂದ ೧೮೫೩ರವರೆಗೆ ಅಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರನು ಬಾಲಕ ರಾಜ ವೆಂಕಟಪ್ಪ ನಾಯಕನ ಪಾಲನೆಯನ್ನೂ ನೋಡಿಕೊಂಡನು. ಆತನು ಕಾದಂಬರಿಕಾರ, ಚಿತ್ರಗಾರ, ಬೇಟೆಗಾರ. ಸೀಮೆಯ ಬೃಹತ್ ಶಿಲಾಗೋರಿಗಳನ್ನು ಅಗೆದು ನೋಡಿ ವಿದ್ವಾಂಸರಿಗೆ ತಿಳಿಸಿದವನು. ಸುರಪುರದ ಗುಡ್ಡದ ಮೇಲೆ ಆತನು ಕಟ್ಟಿಸಿದ ಟೇಲರ್ ಮಂಜಿಲ್ ಇಂದಿಗೂ ಆತನ ಹೆಸರನ್ನು ಹೇಳುತ್ತದೆ. ನಾಯಕ ಅರಸರು ಹದಿನೇಳನೆಯ ಶತಮಾನದಲ್ಲಿ ಕಟ್ಟಿಸಿದ ಬೋನಾಳದ ಕೆರೆಯನ್ನು ಸುಧಾರಿಸಿದವನೂ ಆತನೇ. ಆತನು ಪ್ರೀತಿಯಿಂದ ಬೆಳೆಸಿದ ವೆಂಕಟಪ್ಪ ನಾಯಕನು ೧೮೫೮ರಲ್ಲಿ ಬ್ರಿಟಿಷರ ವಿರುದ್ಧ ಎದ್ದು, ಸೆರೆಯಾಗಿ, ಅದೇ ವರ್ಷ ಗುಂಡಿನ ಗಾಯದಿಂದ ತೀರಿಕೊಂಡನು. ಸಂಸ್ಥಾನ ನಿಜಾಮರಿಗೆ ಸೇರಿತು. ಅರಸು ಹೋದನು, ಕೆರೆ ಉಳಿಯಿತು. ಅದರ ಮಾತನ್ನು ಮುಂದೆ ಹೇಳುತ್ತೇನೆ.

ಈಗ ಕಡಲಾಚೆಯ ದಡಕ್ಕೆ ಹೋಗೋಣ. ಯಾದಗಿರಿಯ ಮೇಲೆ ಹಾದುಹೋಗುವ ಮುಂಬಯಿ-ಮದ್ರಾಸು ರೈಲುದಾರಿ ೧೮೭೧ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡಿತು. ಅದಾದ ಇಪ್ಪತ್ತೈದು ವರ್ಷಕ್ಕೆ, ೧೮೯೬ರಲ್ಲಿ, ಪೂರ್ವ ಆಫ್ರಿಕದ ಮೊಂಬಾಸದಿಂದ ವಿಕ್ಟೋರಿಯಾ ಸರೋವರದ ಕಡೆಗೆ ರೈಲು ಹಾಕಲು ತೊಡಗಿದರು. ದುಡಿದವರು ಭಾರತದಿಂದ ಹೋದ ಮೂವತ್ತು ಸಾವಿರಕ್ಕೂ ಹೆಚ್ಚು ಜನ. ೧೮೯೮ರಲ್ಲಿ ತ್ಸಾವೊ ಎಂಬಲ್ಲಿ ಎರಡು ಸಿಂಹಗಳು ತಿಂಗಳುಗಟ್ಟಲೆ ಅವರ ಗುಡಾರಗಳಿಗೆ ನುಗ್ಗಿ ಕೆಲಸವನ್ನೇ ನಿಲ್ಲಿಸಿದವು. ರೈಲು ಮುಗಿದ ಮೇಲೆ ಅದೇ ದಾರಿಯಲ್ಲಿ ಶ್ರೀಮಂತ ಬೇಟೆಗಾರರು ಬಂದರು. ಅಮೆರಿಕದ ಅಧ್ಯಕ್ಷನಾಗಿದ್ದ ಥಿಯೋಡೋರ್ ರೂಸ್‌ವೆಲ್ಟನು ೧೯೦೯ರಲ್ಲಿ ಮಗನೊಡನೆ ಹೋಗಿ ಐನೂರಕ್ಕೂ ಹೆಚ್ಚು ಮೃಗಗಳನ್ನು ಹೊಡೆದನು. 'ಸಫಾರಿ' ಎಂಬ ಮಾತು ಲೋಕಪ್ರಸಿದ್ಧವಾದದ್ದು ಆ ಕಾಲದಲ್ಲಿ. ಆಗ ಅದಕ್ಕೆ ಬೇಟೆಯೆಂದೇ ಅರ್ಥ.

ಆಫ್ರಿಕದವರೂ ಕಳೆದುಕೊಂಡರು. ಅರ್ಧ ಮೈಗೆ ಮಾತ್ರ ಪಟ್ಟೆಯಿದ್ದ ಕ್ವಾಗ್ಗ ಎಂಬ ಕುದುರೆಜಾತಿಯ ಕೊನೆಯದು ೧೮೮೩ರಲ್ಲಿ ಆಮ್‌ಸ್ಟರ್‌ಡಾಮಿನ ಮೃಗಾಲಯದಲ್ಲಿ ಸತ್ತಿತು. ಆದರೆ ಪೂರ್ತಿ ಬರಿದಾಗುವ ಮುನ್ನ ಎಚ್ಚರಿಕೆ ಹುಟ್ಟಿತು. ದಕ್ಷಿಣ ಆಫ್ರಿಕದಲ್ಲಿ ೧೯೨೬ರಲ್ಲಿ ಕ್ರೂಗರ್ ರಾಷ್ಟ್ರೀಯ ಉದ್ಯಾನ, ಟಾಂಗನಿಕದಲ್ಲಿ ೧೯೫೧ರಲ್ಲಿ ಸೆರೆಂಗೆಟಿ ಆದವು. ಕೀನ್ಯವು ೧೯೭೭ರಲ್ಲಿ ಬೇಟೆಯನ್ನೇ ನಿಷೇಧಿಸಿತು. ಬಂದೂಕಿನ ಸ್ಥಾನಕ್ಕೆ ಕ್ಯಾಮರಾ ಬಂದಿತು. ಇದಕ್ಕೂ ಒಂದು ಬೆಲೆಯಿತ್ತು ಎಂಬುದನ್ನು ಮರೆಯಬಾರದು. ಸೆರೆಂಗೆಟಿಯಲ್ಲಿ ತಲೆಮಾರುಗಳಿಂದ ದನ ಮೇಯಿಸಿಕೊಂಡಿದ್ದ ಮಸಾಯಿ ಜನರನ್ನು ೧೯೫೯ರಲ್ಲಿ ಅಲ್ಲಿಂದ ತೆರವು ಮಾಡಿಸಿದರು. ಬಂದೂಕು ಹಿಡಿದು ಬಂದವರು ಹೊರಗಿನ ದೊಡ್ಡವರು. ನೆಲ ಬಿಟ್ಟು ಹೋದವರು ಅಲ್ಲಿಯೇ ಬಾಳಿದ ಬಡವರು.

ನಮ್ಮಲ್ಲಿ ಎಚ್ಚರಿಕೆ ತಡವಾಯಿತು. ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿಯೇ ಭಾವನಗರ, ಕೊಲ್ಹಾಪುರಗಳಂಥ ಸಂಸ್ಥಾನಗಳು ಬೇಟೆಗಾಗಿ ಆಫ್ರಿಕದಿಂದ ಚೀತಾ ತರಿಸಿಕೊಳ್ಳುವಂತಾಯಿತು. ಇಲ್ಲಿ ಸಿಕ್ಕುತ್ತಿದ್ದರೆ ಅಲ್ಲಿಂದೇಕೆ ತರಿಸಿಯಾರು? ೧೯೪೭ರಲ್ಲಿ ಮಧ್ಯಭಾರತದ ಕೋರಿಯ ಸಂಸ್ಥಾನದ ದೊರೆ ಮೂರು ಚೀತಾಗಳನ್ನು ಹೊಡೆದನು. ದೇಶದ ಕೊನೆಯವು ಅವೇ ಎಂದು ಸಾಮಾನ್ಯವಾಗಿ ಎಣಿಸುತ್ತಾರೆ. ೧೯೫೨ರಲ್ಲಿ ಆ ಪ್ರಾಣಿ ಭಾರತದಿಂದ ಅಳಿಯಿತೆಂದು ಸಾರಲಾಯಿತು. ವನ್ಯಜೀವಿಗಳ ರಕ್ಷಣೆಯ ಕಾಯಿದೆ ಬಂದದ್ದು ೧೯೭೨ರಲ್ಲಿ. ಆ ವೇಳೆಗೆ ಸಿವಂಗಿ ಶಬ್ದವಾಗಿ ಮಾತ್ರ ಉಳಿದಿತ್ತು.

ಮುಂದಿನದು ತಮಗೆ ಗೊತ್ತಿರುವ ಸಂಗತಿ. ೨೦೨೨ರ ಸೆಪ್ಟೆಂಬರ್ ೧೭ರಂದು ನಮೀಬಿಯದಿಂದ ಎಂಟು, ೨೦೨೩ರ ಫೆಬ್ರವರಿಯಲ್ಲಿ ದಕ್ಷಿಣ ಆಫ್ರಿಕದಿಂದ ಹನ್ನೆರಡು ಚೀತಾಗಳನ್ನು ವಿಮಾನದಲ್ಲಿ ತಂದು ಮಧ್ಯಪ್ರದೇಶದ ಕುನೋ ವನದಲ್ಲಿ ಇಳಿಸಿದರು. ಕೆಲವು ಸತ್ತವು, ಕೆಲವು ಮರಿ ಹಾಕಿದವು. ನಮ್ಮ ಮೈಸೂರಿನ ಮೃಗಾಲಯಕ್ಕೂ ೨೦೨೦ರಲ್ಲಿ ದಕ್ಷಿಣ ಆಫ್ರಿಕದಿಂದ ಮೂರು ಬಂದವು. ಲೋಕದಲ್ಲಿ ಉಳಿದಿರುವ ಚೀತಾಗಳೆಲ್ಲ ಸೇರಿ ಸುಮಾರು ಏಳು ಸಾವಿರವೆಂದು ಲೆಕ್ಕ. ನಮ್ಮ ದೇಶದಲ್ಲಿದ್ದ ಏಷ್ಯದ ಜಾತಿಯವು ಇರಾನಿನಲ್ಲಿ ಬೆರಳೆಣಿಕೆಯಷ್ಟು. ಒಂದು ಕಾಲಕ್ಕೆ ಎತ್ತಿನ ಬಂಡಿಯ ಮೇಲೆ ಕೂರಿಸಿಕೊಂಡು ಹೊಲದ ದಾರಿಯಲ್ಲಿ ಒಯ್ಯುತ್ತಿದ್ದ ಮೃಗವನ್ನು ಈಗ ಸಮುದ್ರ ದಾಟಿಸಿ ತರಬೇಕಾಯಿತಲ್ಲ, ಇದನ್ನು ಯೋಚಿಸಿರಿ.

ಆದರೆ ಬರಿಯ ಮೃಗವನ್ನು ತಂದರೆ ಬಯಲು ಬಂದಂತಾಗಲಿಲ್ಲ. ನಮ್ಮ ಸೀಮೆಯನ್ನೇ ನೋಡಿರಿ. ೧೯೮೨ರಲ್ಲಿ ನಾರಾಯಣಪುರದ ಅಣೆಕಟ್ಟು ಮುಗಿದು, ಕೃಷ್ಣೆಯ ನೀರು ಕಾಲುವೆಗಳಲ್ಲಿ ಸುರಪುರ, ಶಹಾಪುರಗಳ ಹೊಲಗಳಿಗೆ ಹರಿಯಿತು. ಮಳೆ ಕೈಕೊಟ್ಟರೆ ಗುಳೆ ಹೋಗುತ್ತಿದ್ದ ನೆಲದಲ್ಲಿ ಬತ್ತ ಬೆಳೆಯಿತು. ಇದನ್ನು ಕೆಟ್ಟದೆಂದು ಹೇಳುವ ಎದೆ ಯಾರಿಗಿದೆ? ಹಸಿವನ್ನು ಕಂಡವರು ನೀರನ್ನು ಹಳಿಯಲಾರರು. ಆದರೂ ಹುಲ್ಲುಬಯಲು ಎಂಬುದು ಪಾಳುನೆಲವಲ್ಲ, ಅದೂ ಒಂದು ಮನೆ ಎಂಬ ಅರಿವು ನಮಗೆ ಬೇಕು. ಅದು ಕುಗ್ಗಿದಾಗ ಮೊದಲು ಹೋದದ್ದು ಸಿವಂಗಿ. ಈಗ ಸರದಿಯಲ್ಲಿ ನಿಂತಿರುವವು ಚಿಗರಿ, ತೋಳ, ಎರಲಾಡ್ಡುಗಳು. ಚಿಗರಿಗಾಗಿ ರಾಣೆಬೆನ್ನೂರಿನಲ್ಲಿ ೧೯೭೪ರಿಂದ ಅಭಯಾರಣ್ಯವಿದೆ. ಬೇರೆಡೆಗಳಲ್ಲಿ ಅದು ರೈತನ ಜೋಳಕ್ಕೂ ತೊಗರಿಗೂ ಬಾಯಿ ಹಾಕಿ ಬೈಗಳು ತಿನ್ನುತ್ತದೆ. ಬೆಳೆ ಕಳೆದುಕೊಂಡ ರೈತನ ಸಂಕಟ ಸುಳ್ಳಲ್ಲ. ಪರಿಹಾರ ಅವನ ಕೈಗೆ ಹೊತ್ತಿಗೆ ಮುಟ್ಟಿದರೆ ಮಾತ್ರ ಚಿಗರಿಗೂ ಬಾಳುಂಟು. ಹುಬ್ಬಳ್ಳಿ-ಧಾರವಾಡಗಳ ನಡುವೆ ೨೦೧೮ರಲ್ಲಿ ಓಡಲು ತೊಡಗಿದ ವೇಗದ ಬಸ್ಸುಗಳಿಗೆ 'ಚಿಗರಿ' ಎಂದೇ ಹೆಸರಿಟ್ಟರು. ಹೆಸರು ಚೆನ್ನಾಗಿದೆ. ಮುಂದಿನ ಮಕ್ಕಳಿಗೆ ಚಿಗರಿಯೆಂದರೆ ಬಸ್ಸೆಂದೇ ತಿಳಿಯದಿರಲಿ.

ಹಾಗಾದರೆ ನಾವು ಮಾಡಬಹುದಾದದ್ದೇನು? ಆಫ್ರಿಕಕ್ಕೆ ಹೋಗುವ ಅನುಕೂಲವುಳ್ಳವರು ಹೋಗಿಬರಲ್ಲಿ, ನೋಡಿದ್ದು ನಷ್ಟವಲ್ಲ. ಆದರೆ ಒಂದು ಚಿಕ್ಕ ಸಫರ್ ನಮ್ಮ ಹತ್ತಿರದಲ್ಲೇ ಇದೆ. ಮೇಲೆ ಹೇಳಿದ ಬೋನಾಳದ ಕೆರೆ ಇಂದು ಪಕ್ಷಿಧಾಮ. ಚಳಿಗಾಲದ ಬೆಳಗಿನಲ್ಲಿ ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋಗಿರಿ. ಕೊಕ್ಕರೆ, ಕೆಂಬರಲು, ನೀರುಕಾಗೆಗಳನ್ನು ಅವರಿಗೆ ಹೆಸರು ಹಿಡಿದು ತೋರಿಸಿರಿ. ಹೆಸರು ತಿಳಿಯದಿದ್ದರೆ ದಡದ ಊರಿನ ಕುರಿಗಾಹಿಯನ್ನೋ ಮೀನುಗಾರನನ್ನೋ ಮುದುಕ ಬೇಡನನ್ನೋ ಕೇಳಿರಿ. ಅವರಲ್ಲಿ ನಿಘಂಟಿಗೆ ಸೇರದ ಹೆಸರುಗಳು ಇನ್ನೂ ಉಂಟು. ಅವನ್ನು ಒಂದು ಪುಸ್ತಕದಲ್ಲಿ ಬರೆದಿಡುವಂತೆ ಮಕ್ಕಳಿಗೆ ಹೇಳಿರಿ. ಎಲಿಯಟ್ ಮಾಡಿದ್ದೂ ಇಷ್ಟನ್ನೇ. ಆತನೂ ಜೆರ್ಡನನೂ ಬರೆದಿಡದೆ ಹೋಗಿದ್ದರೆ ಸಿವಂಗಿಯ ಹೆಸರಿಗೂ ಇಷ್ಟು ಗಟ್ಟಿಯಾದ ಸಾಕ್ಷಿ ನಮಗೆ ಸಿಗುತ್ತಿರಲಿಲ್ಲ.

ಹೆಸರು ಬಲ್ಲ ಪ್ರಾಣಿಯನ್ನು ಕೊಲ್ಲಲು ಕೈ ಸ್ವಲ್ಪ ಹಿಂಜರಿಯುತ್ತದೆ. ಅದು ಕಾಣದಾದರೆ ಮನಸ್ಸು ಹುಡುಕುತ್ತದೆ. ಸಿವಂಗಿಯ ಹೆಸರು ಪುಸ್ತಕದಲ್ಲಿ ಉಳಿಯಿತು. ಚಿಗರಿಯ ಹೆಸರಾದರೂ ಬಯಲಿನಲ್ಲಿಯೇ ಉಳಿಯಲಿ.